ಬ್ಲೂಸ್-ರಾಕ್ ಗಿಟಾರ್ ನುಡಿಸಿಯೇ ಬದುಕಬೇಕಾ? ಇರುವ ದಾರಿಗಳ ಒಂದು ಹೋಲಿಕೆ

ಯಾವ ಗಿಟಾರ್ ತಗೊಳ್ಳಲಿ, ಯಾವ ಆಂಪ್ ತಗೊಳ್ಳಲಿ ಅಂತ ಕೇಳುವವರಿಗೆ ಸಲಹೆ ಕೊಡಲು ಊರು ತುಂಬ ಜನ ಇದ್ದಾರೆ. ಇಲ್ಲಿ ಬರೆಯುತ್ತಿರುವುದು ಅದರ ಮುಂದಿನ ಪ್ರಶ್ನೆ. ಕೈ ಪಳಗಿದೆ, ಸ್ವಂತ ಹಾಡು ಒಂದಷ್ಟಿವೆ, ಡ್ರಮ್ಸ್‌ಗೆ ಬೇಸ್‌ಗೆ ಜನ ಸಿಕ್ಕಿದ್ದಾರೆ. ಹೊಟ್ಟೆಪಾಡಿಗೆ ಏನು ಮಾಡೋದು? ದೊಡ್ಡ ರೆಕಾರ್ಡ್ ಕಂಪನಿಗೆ ಸಹಿ ಹಾಕಬೇಕಾ, ಬ್ಲೂಸ್‌ಗೆಂದೇ ಇರುವ ಸಣ್ಣ ಲೇಬಲ್ (ಆಲ್ಬಮ್ ಹೊರತರುವ ಕಂಪನಿ) ಹಿಡಿಯಬೇಕಾ, ಎಲ್ಲವನ್ನೂ ತಾನೇ ಮಾಡಿಕೊಳ್ಳಬೇಕಾ, ಇಲ್ಲ ಇನ್ನೊಬ್ಬರ ಬ್ಯಾಂಡಿನಲ್ಲಿ ನುಡಿಸಿಕೊಂಡು ಸಂಬಳ ತಗೊಂಡು ಸುಮ್ನೆ ಇರಬೇಕಾ?

ಬ್ಲೂಸ್-ರಾಕ್ ಅಂದರೆ ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ರಾಕ್ ಜೋರಿನಲ್ಲಿ ನುಡಿಸುವ ಸಂಗೀತ. ಇದು ಹೆಚ್ಚಾಗಿ ಅಮೆರಿಕ ಮತ್ತು ಯುರೋಪಿನ ಕಥೆ. ಈ ಸಂಗೀತದ ಮಾರುಕಟ್ಟೆ ಇರುವುದೇ ಅಲ್ಲಿ. ನಮ್ಮ ಕಡೆಯದನ್ನು ಕೊನೆಯಲ್ಲಿ ಸ್ವಲ್ಪ ಹೇಳುತ್ತೇನೆ.

ಮೊದಲು ಒಂದು ಭ್ರಮೆ ಬಿಡಿಸಿಬಿಡೋಣ. ಒಳ್ಳೆಯವರಾದರೆ ದೊಡ್ಡ ಕಂಪನಿ ಕರೆಯುತ್ತದೆ, ಕರೆಯದಿದ್ದವರು ಸ್ವಂತಕ್ಕೆ ಮಾಡಿಕೊಳ್ಳುತ್ತಾರೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಗ್ರ್ಯಾಮಿಯಲ್ಲಿ ಸಮಕಾಲೀನ ಬ್ಲೂಸ್ ಆಲ್ಬಮ್‌ಗೆ ಕೊಡುವ ಪ್ರಶಸ್ತಿಯ ಪಟ್ಟಿ ನೋಡಿ. 2020ರಲ್ಲಿ ಅದು ಗ್ಯಾರಿ ಕ್ಲಾರ್ಕ್ ಜೂನಿಯರ್‌ಗೆ ಬಂತು, ಹಿಂದೆ ನಿಂತಿದ್ದು ವಾರ್ನರ್‌ನಂಥ ದೈತ್ಯ ಕಂಪನಿ. 2022ರಲ್ಲಿ ಕ್ರಿಸ್ಟೋನ್ 'ಕಿಂಗ್‌ಫಿಶ್' ಇಂಗ್ರಮ್‌ಗೆ ಬಂತು, ಆಲ್ಬಮ್ ತಂದಿದ್ದು ಶಿಕಾಗೋದ ಅಲಿಗೇಟರ್ ಅನ್ನುವ ಬ್ಲೂಸ್ ಲೇಬಲ್. 2024ರಲ್ಲಿ ಲಾರ್ಕಿನ್ ಪೋ ಬ್ಯಾಂಡಿನ ಅಕ್ಕ-ತಂಗಿಯರಿಗೆ ಬಂತು, ಅವರದು ಸ್ವಂತ ಲೇಬಲ್. ನಾಲ್ಕು ವರ್ಷದೊಳಗೆ ಮೂರು ಬೇರೆ ಬೇರೆ ದಾರಿಯವರು ಒಂದೇ ಪ್ರಶಸ್ತಿ ಎತ್ತಿಕೊಂಡು ಹೋದರು. ಹಾಗಾಗಿ ಯೋಗ್ಯತೆಯ ಲೆಕ್ಕ ಬಿಡಿ, ದುಡ್ಡಿನ ಲೆಕ್ಕ ನೋಡೋಣ.

ಈ ಸಂಗೀತದಲ್ಲಿ ದುಡ್ಡು ಬರುವ ರೀತಿಯೇ ಬೇರೆ. ರೇಡಿಯೋದಲ್ಲಿ ಹಿಟ್ ಆಗಿ ರಾತ್ರೋರಾತ್ರಿ ಶ್ರೀಮಂತರಾಗುವುದು ಇಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಕೇಳುಗರಲ್ಲಿ ವಯಸ್ಸಾದವರೇ ಜಾಸ್ತಿ. ಅವರು ಟಿಕೆಟ್ ತಗೊಂಡು ಬಂದು ಕೂರುತ್ತಾರೆ, ಹೋಗುವಾಗ ಸಿಡಿಯನ್ನೋ ಎಲ್‌ಪಿಯನ್ನೋ ಟೀ ಶರ್ಟನ್ನೋ ಕೊಂಡು ಅದರ ಮೇಲೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ, ಮುಂದಿನ ವರ್ಷ ಅದೇ ಊರಿಗೆ ಹೋದರೆ ಮತ್ತೆ ಬರುತ್ತಾರೆ. ಸ್ಟ್ರೀಮಿಂಗ್ ಕಡೆ ನೋಡಿದರೆ, ಒಂದು ಕೇಳಿಕೆಗೆ ಸುಮಾರು 0.3ರಿಂದ 0.4 ಸೆಂಟ್ ಬರುತ್ತದೆ ಅನ್ನುವುದು ರೂಢಿಯ ಅಂದಾಜು. ಆ ಲೆಕ್ಕದಲ್ಲಿ 10 ಲಕ್ಷ ಸಲ ಹಾಡು ಓಡಿದರೆ 3,000ದಿಂದ 4,000 ಡಾಲರ್. 20 ಡಾಲರ್‌ನಂತೆ 200 ಸಿಡಿ ಮಾರಿದರೂ ಅಷ್ಟೇ ಬರುತ್ತದೆ, ಅಷ್ಟನ್ನು ಒಂದೆರಡು ವಾರದ ಪ್ರವಾಸದಲ್ಲಿ ಮೇಜು ಹಾಕಿಕೊಂಡು ಕೂತು ಮಾರಬಹುದು. ಮೇಲಾಗಿ 2024ರಿಂದ ಸ್ಪಾಟಿಫೈ ಹೊಸ ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಓಡದ ಹಾಡಿಗೆ ರೆಕಾರ್ಡಿಂಗ್ ಬಾಬ್ತು ಏನೂ ಕೊಡುವುದಿಲ್ಲ.

ಅದಕ್ಕೇ ಯಾವ ದಾರಿ ನೋಡಿದರೂ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಶೋ ಫ್ಲಾಪ್ ಆದರೆ ನಷ್ಟ ಯಾರ ಜೇಬಿಂದ ಹೋಗುತ್ತದೆ? ರೆಕಾರ್ಡಿಂಗ್‌ನ ಮಾಸ್ಟರ್ (ಮೂಲ ಪ್ರತಿ, ಅದರ ಹಕ್ಕು) ಯಾರ ಹೆಸರಲ್ಲಿದೆ? ಟಿಕೆಟ್ ಕೊಂಡವರ ಹೆಸರು-ಇಮೇಲ್ ಯಾರ ಹತ್ತಿರ ಇದೆ? ಮೂರರಲ್ಲಿ ಕೊನೆಯದನ್ನೇ ಜನ ಮರೆಯುವುದು, ನನ್ನ ಪ್ರಕಾರ ಮುಖ್ಯವಾದದ್ದೂ ಅದೇ.

ದೊಡ್ಡ ಕಂಪನಿ

1990ರ ದಶಕದಲ್ಲಿ ದೊಡ್ಡ ಕಂಪನಿಗಳಿಗೆ ಹದಿಹರೆಯದ ಬ್ಲೂಸ್ ಹುಡುಗರ ಹುಚ್ಚು ಹಿಡಿದಿತ್ತು. ಎರಿಕ್ ಗೇಲ್ಸ್ 1991ರಲ್ಲಿ ಎಲೆಕ್ಟ್ರಾದಿಂದ ಬಂದಾಗ ಇನ್ನೂ ಹದಿನಾರರ ಹುಡುಗ. 1995ರಲ್ಲಿ ಕೆನ್ನಿ ವೇನ್ ಶೆಫರ್ಡ್, 1997ರಲ್ಲಿ ಎ ಅಂಡ್ ಎಮ್‌ನಿಂದ ಜಾನಿ ಲ್ಯಾಂಗ್. ಶೆಫರ್ಡ್ ಗಟ್ಟಿಯಾಗಿ ನಿಂತ. ಗೇಲ್ಸ್ ಮಾತ್ರ ಡ್ರಗ್ಸ್, ಜೈಲು ಎಲ್ಲ ಕಂಡು, ಎಷ್ಟೋ ವರ್ಷ ಆದಮೇಲೆ 2022ರ ಆಲ್ಬಮ್‌ನಲ್ಲಿ ಪೂರ್ತಿಯಾಗಿ ಮರಳಿ ಬಂದ. ಅದನ್ನು ತಂದದ್ದು ಪ್ರೊವೋಗ್ ಅನ್ನುವ ಡಚ್ ಲೇಬಲ್. ಆಲ್ಬಮ್ ನಿರ್ಮಾಣದಲ್ಲಿ ಕೈ ಹಾಕಿದವನು ಜೋ ಬೊನಮಾಸ, ಆತನ ಕಥೆ ಮುಂದಿದೆ.

ಗ್ಯಾರಿ ಕ್ಲಾರ್ಕ್‌ಗೆ ಇದೇ ದಾರಿ ಕೈ ಹಿಡಿಯಿತು. ಆಸ್ಟಿನ್ ನಗರದ ಆಂಟೋನ್ಸ್ ಕ್ಲಬ್‌ನಲ್ಲಿ ಬೆಳೆದ ಹುಡುಗ, 2010ರಲ್ಲಿ ಎರಿಕ್ ಕ್ಲಾಪ್ಟನ್ ನಡೆಸುವ ಕ್ರಾಸ್‌ರೋಡ್ಸ್ ಉತ್ಸವದಲ್ಲಿ ನುಡಿಸಿದ, ಅಲ್ಲಿಂದ ವಾರ್ನರ್, 2012ರಲ್ಲಿ ಅವರಿಂದ ದೊಡ್ಡ ಆಲ್ಬಮ್. ಆದರೆ ಗಮನಿಸಿ, ಆತ ಬರೀ ಬ್ಲೂಸ್ ನುಡಿಸುವವನಲ್ಲ. ಸೋಲ್, ಹಿಪ್‌ಹಾಪ್, ರೆಗೇ ಎಲ್ಲ ಬೆರೆಸುತ್ತಾನೆ. ದೊಡ್ಡ ಕಂಪನಿಯ ಯಂತ್ರಕ್ಕೆ ಅಷ್ಟು ಅಗಲದ ಕೇಳುಗರು ಬೇಕೇ ಬೇಕು. ಸೋಲೋ ಮೇಲೆ ಸೋಲೋ ನುಡಿಸುವ ಶುದ್ಧ ಬ್ಲೂಸ್-ರಾಕ್ ನಿಮ್ಮದಾದರೆ ಇವತ್ತು ಆ ಬಾಗಿಲು ತಟ್ಟುವುದು ಸಮಯ ದಂಡ.

ಇಲ್ಲಿ ಎಲ್ಲರನ್ನೂ ಮರುಳು ಮಾಡುವುದು ಅಡ್ವಾನ್ಸ್. ಇದು ನಮ್ಮ ಬೆಂಗಳೂರಿನ ಮನೆ ಅಡ್ವಾನ್ಸ್ ಥರ ಅಲ್ಲ, ಅಲ್ಲಿ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಹಿಡಿದುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತಾರೆ. ಇಲ್ಲಿ ಕಂಪನಿ ನಿಮಗೆ ಮುಂಗಡ ಕೊಡುತ್ತದೆ, ಸ್ಟುಡಿಯೋ ಖರ್ಚನ್ನೂ ವಿಡಿಯೋ ಖರ್ಚಿನ ಒಂದು ಪಾಲನ್ನೂ ಅದೇ ಖಾತೆಗೆ ಬರೆಯುತ್ತದೆ, ಆಮೇಲೆ ಪ್ರತಿ ಡಾಲರ್‌ನಲ್ಲಿ ನಿಮ್ಮ ರಾಯಲ್ಟಿ ಪಾಲು ಎಷ್ಟೋ ಅಷ್ಟರಿಂದ ಮಾತ್ರ ಆ ಸಾಲ ತೀರುತ್ತಾ ಹೋಗುತ್ತದೆ. ಉದಾಹರಣೆಗೆ ನಿಮ್ಮ ಪಾಲು ನೂರಕ್ಕೆ 18 ಅಂದುಕೊಳ್ಳಿ, ಖಾತೆಯಲ್ಲಿ 2 ಲಕ್ಷ ಡಾಲರ್ ಬಾಕಿ ಅಂದುಕೊಳ್ಳಿ. ಅದು ತೀರಬೇಕಾದರೆ ಆಲ್ಬಮ್ 11 ಲಕ್ಷ ಡಾಲರ್‌ಗೂ ಮೀರಿ ದುಡಿಯಬೇಕು. ಅಲ್ಲಿಯವರೆಗೆ ರಾಯಲ್ಟಿ ಚೆಕ್ ಬರುವುದಿಲ್ಲ. ತೀರಿದ ಮೇಲೂ ಮಾಸ್ಟರ್ ಕಂಪನಿಯದೇ. ಒಂದೇ ಸಮಾಧಾನ ಅಂದರೆ ಆಲ್ಬಮ್ ಮಲಗಿದರೆ ಸಾಮಾನ್ಯವಾಗಿ ಆ ದುಡ್ಡನ್ನು ನಿಮ್ಮ ಮನೆಗೆ ಬಂದು ಕೇಳುವುದಿಲ್ಲ. ನಷ್ಟ ಅವರದು. ಆದರೆ ನಿಮ್ಮನ್ನು ಕೈಬಿಟ್ಟರೆ ಖಾಲಿ ಕೈಯಲ್ಲಿ ಬರುತ್ತೀರಿ, ಕೇಳುಗರ ಪಟ್ಟಿಯೂ ಇರುವುದಿಲ್ಲ.

ಬ್ಲೂಸ್‌ಗೆಂದೇ ಇರುವ ಲೇಬಲ್

1971ರಲ್ಲಿ ಶಿಕಾಗೋದ ಡೆಲ್‌ಮಾರ್ಕ್ ಕಂಪನಿಯಲ್ಲಿ ಪಾರ್ಸೆಲ್ ಕಟ್ಟುವ ಕೆಲಸದಲ್ಲಿದ್ದ ಬ್ರೂಸ್ ಇಗ್ಲಾವರ್, ಹೌಂಡ್ ಡಾಗ್ ಟೇಲರ್ ಅನ್ನುವ ಗಿಟಾರಿಸ್ಟ್‌ನ ಆಲ್ಬಮ್ ಮಾಡಿ ಅಂತ ತನ್ನ ಯಜಮಾನನಿಗೆ ದುಂಬಾಲು ಬಿದ್ದ. ಯಜಮಾನ ಒಪ್ಪಲಿಲ್ಲ. ಸರಿ ಅಂತ, ಮನೆಯವರಿಂದ ಬಂದಿದ್ದ 2,500 ಡಾಲರ್ ಹಾಕಿ ತಾನೇ ರೆಕಾರ್ಡ್ ಮಾಡಿ, ಮೊದಲಿಗೆ 1,000 ಪ್ರತಿ ಒತ್ತಿಸಿ, ಕಾರಿನಲ್ಲಿ ಹೇರಿಕೊಂಡು ರೇಡಿಯೋ ಸ್ಟೇಷನ್‌ಗಳಿಗೂ ಅಂಗಡಿಗಳಿಗೂ ಅಲೆದ. ಅಲಿಗೇಟರ್ ಹುಟ್ಟಿದ್ದು ಹಾಗೆ. ಆಲ್ಬಮ್ ತರುವುದರ ಜೊತೆಗೆ ಟೇಲರ್‌ನ ಶೋಗಳನ್ನೂ ಗೊತ್ತು ಮಾಡುತ್ತಿದ್ದವನು ಅವನೇ.

ಇಂಥ ಲೇಬಲ್‌ನ ನಿಜವಾದ ಬೆಲೆ ಇರುವುದು ಇಲ್ಲೇ. ಜರ್ಮನಿಯ ರೂಫ್ ರೆಕಾರ್ಡ್ಸ್ ಕೂಡ ಹಾಗೇ. 1994ರಲ್ಲಿ ಥಾಮಸ್ ರೂಫ್ ಅದನ್ನು ಶುರು ಮಾಡಿದ್ದು ತಾನು ಮ್ಯಾನೇಜ್ ಮಾಡುತ್ತಿದ್ದ ಲೂಥರ್ ಆಲಿಸನ್‌ಗಾಗಿ. ಅವರು 2005ರಿಂದ 'ಬ್ಲೂಸ್ ಕ್ಯಾರವಾನ್' ಅಂತ ಒಂದು ಪ್ರವಾಸ ನಡೆಸುತ್ತಾ ಬಂದಿದ್ದಾರೆ. ಹೆಸರಿನ್ನೂ ಬೆಳೆಯುತ್ತಿರುವ ಎರಡು ಮೂರು ಕಲಾವಿದರನ್ನು ಒಂದೇ ಟಿಕೆಟ್‌ನಲ್ಲಿ ಸೇರಿಸಿ ಯುರೋಪಿನ ಕ್ಲಬ್‌ಗಳಿಗೆ ಕಳಿಸುವುದು. ಯೋಚಿಸಿ ನೋಡಿ, ಒಬ್ಬರ ಹೆಸರಿಗೆ ಮೂವತ್ತು ಜನ ಬರುವ ಊರಿನಲ್ಲಿ ಮೂವರಿಗೆ ಸೇರಿ ಹಾಲ್ ತುಂಬುತ್ತದೆ. ವ್ಯಾನ್ ಒಂದೇ, ಡ್ರಮ್ಸ್ ಒಂದೇ, ಆಂಪ್ ಒಂದೇ. ಕ್ಯಾನ್ಸಸ್ ಸಿಟಿಯ ಸಮಂತಾ ಫಿಶ್ 2011ರಲ್ಲಿ ಯುರೋಪಿಗೆ ಪರಿಚಯವಾದದ್ದು ಈ ಕ್ಯಾರವಾನ್ ಹತ್ತಿಯೇ. ಒಂದಷ್ಟು ಆಲ್ಬಮ್ ಅಲ್ಲಿ ಮಾಡಿ, 2019ರ ಹೊತ್ತಿಗೆ ರೌಂಡರ್ ಅನ್ನುವ ಲೇಬಲ್‌ಗೆ ಜಿಗಿದಳು. ಇಂಗ್ಲೆಂಡಿನ ಜೊವಾನ್ ಶಾ ಟೇಲರ್‌ಳ ಮೊದಲ ಆಲ್ಬಮ್ಮೂ 2009ರಲ್ಲಿ ರೂಫ್‌ನದೇ.

ಕಿಂಗ್‌ಫಿಶ್ (ನಮ್ಮೂರಿನ ಬಿಯರ್‌ಗೂ ಈತನಿಗೂ ಸಂಬಂಧ ಇಲ್ಲ) ಹುಟ್ಟಿದ್ದು 1999ರಲ್ಲಿ, ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ. ಅಲ್ಲಿನ ಡೆಲ್ಟಾ ಬ್ಲೂಸ್ ಮ್ಯೂಸಿಯಂ ಮಕ್ಕಳಿಗೆ ಹೇಳಿಕೊಡುವ ಪಾಠಗಳಲ್ಲಿ ಕಲಿತವನು. 2019ರಲ್ಲಿ ಅಲಿಗೇಟರ್‌ನಿಂದ ಮೊದಲ ಆಲ್ಬಮ್, 2021ರಲ್ಲಿ ಎರಡನೆಯದು, ಅದಕ್ಕೇ ಗ್ರ್ಯಾಮಿ. ಆಮೇಲೆ ಏನು ಮಾಡಿದ ಅಂದರೆ, ರೆಡ್ ಜೀರೋ ಅಂತ ತನ್ನದೇ ಲೇಬಲ್ ಕಟ್ಟಿಕೊಂಡ. ನನ್ನ ಕಣ್ಣಿಗೆ ಇದು ಚೆನ್ನಾಗಿ ಲೆಕ್ಕ ಹಾಕಿದ ನಡೆ. ಹೆಸರು ಮಾಡುವವರೆಗೆ ಬೇರೆಯವರ ಜಾಲ, ಹೆಸರಾದ ಮೇಲೆ ಸ್ವಂತ ಮನೆ.

ಇಲ್ಲಿ ತೊಂದರೆ ಏನು? ಮುಂಗಡ ಸಣ್ಣದು. ಹಳೆಯ ಕರಾರುಗಳಲ್ಲಿ ಮಾಸ್ಟರ್ ಲೇಬಲ್‌ನದೇ ಆಗಿರುತ್ತದೆ, ಈಗ ಇಷ್ಟು ವರ್ಷಕ್ಕೆ ಅಂತ ಪರವಾನಗಿ ಕೊಟ್ಟು ಆಮೇಲೆ ವಾಪಸ್ ಪಡೆಯುವ ಕರಾರೂ ಕೇಳಬಹುದು. ಕೇಳಲೇಬೇಕು. ಇನ್ನೊಂದು ವಿಷಯ, ಲೇಬಲ್‌ನಿಂದ ನಿಮ್ಮ ಸಿಡಿಯನ್ನೇ ನೀವು ದುಡ್ಡು ಕೊಟ್ಟು ಕೊಂಡು ಶೋನಲ್ಲಿ ಮಾರಬೇಕಾಗುತ್ತದೆ. ಆ ಸಗಟು ಬೆಲೆ ಎಷ್ಟು ಅನ್ನುವುದು ಕರಾರಿನ ಹಿಂದಿನ ಪುಟದಲ್ಲೆಲ್ಲೋ ಸಣ್ಣದಾಗಿ ಇರುತ್ತದೆ. ರಾಯಲ್ಟಿ ಶೇಕಡಾವಾರಿಗಿಂತ ನಿಮ್ಮ ಊಟಕ್ಕೆ ಜಾಸ್ತಿ ಸಂಬಂಧ ಇರುವುದು ಆ ಸಂಖ್ಯೆಗೆ.

ಎಲ್ಲ ಸ್ವಂತ

ಈಗ ಬೊನಮಾಸ. 1977ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದವನು, ಅಪ್ಪನಿಗೆ ಗಿಟಾರ್ ಅಂಗಡಿ. ಹನ್ನೆರಡನೇ ವಯಸ್ಸಿಗೇ ಬ್ಲೂಸ್ ದಿಗ್ಗಜ ಬಿ.ಬಿ. ಕಿಂಗ್ ಶೋಗಳ ಆರಂಭದಲ್ಲಿ ನುಡಿಸಿದ. 1994ರಲ್ಲಿ ಇಎಂಐನಿಂದ ಬ್ಲಡ್‌ಲೈನ್ ಅನ್ನುವ ಬ್ಯಾಂಡಿನ ಆಲ್ಬಮ್ ಬಂತು. ಮೈಲ್ಸ್ ಡೇವಿಸ್‌ನ ಮಗ, ಡೋರ್ಸ್ ಬ್ಯಾಂಡಿನ ರಾಬಿ ಕ್ರೀಗರ್‌ನ ಮಗ, ಆಲ್‌ಮನ್ ಬ್ರದರ್ಸ್‌ನ ಬೆರಿ ಓಕ್ಲಿಯ ಮಗ, ಹೀಗೆ ದೊಡ್ಡವರ ಮಕ್ಕಳ ಜೊತೆ ಈತ. ಬ್ಯಾಂಡ್ ಉಳಿಯಲಿಲ್ಲ. 2000ದಲ್ಲಿ ಸೋನಿ ಬಳಗದಿಂದ ಮೊದಲ ಸ್ವಂತ ಆಲ್ಬಮ್, ನಿರ್ಮಾಪಕ ಟಾಮ್ ಡೌಡ್‌ನಂಥ ದಿಗ್ಗಜ. ಅದೂ ಮುಂದುವರಿಯಲಿಲ್ಲ. ಇಪ್ಪತ್ತೈದರ ಆಸುಪಾಸಿನಲ್ಲೇ ಎರಡು ದೊಡ್ಡ ಕಂಪನಿ ಕಂಡು ಹೊರಗೆ ಬಂದಿದ್ದ.

ಆಮೇಲೆ ಆತ ಮತ್ತು ಮ್ಯಾನೇಜರ್ ರಾಯ್ ವೈಸ್ಮನ್ ಸೇರಿ ಜೆ ಅಂಡ್ ಆರ್ ಅಡ್ವೆಂಚರ್ಸ್ ಅಂತ ಕಂಪನಿ ಕಟ್ಟಿದರು. ರೆಕಾರ್ಡಿಂಗ್, ಮ್ಯಾನೇಜ್‌ಮೆಂಟ್, ಪ್ರಚಾರ, ಸರಕು ಮಾರಾಟ, ಎಲ್ಲವೂ ಒಂದೇ ಸೂರಿನಡಿ. ಆದರೆ ಆಟ ಬದಲಿಸಿದ್ದು ಥಿಯೇಟರ್‌ಗಳನ್ನು ತಾವೇ ಬಾಡಿಗೆಗೆ ಹಿಡಿದು ತಾವೇ ಟಿಕೆಟ್ ಮಾರಿದ್ದು. ಅದರ ಲೆಕ್ಕ ಹೀಗೆ. ಸಂಖ್ಯೆಗಳು ನಾನು ಉದಾಹರಣೆಗೆ ಹಾಕಿದವು, ಆತನದಲ್ಲ.

1,000 ಸೀಟಿನ ಹಾಲ್, ಟಿಕೆಟ್ 50 ಡಾಲರ್. ಬಾಡಿಗೆ, ಸೌಂಡು, ಲೈಟು, ಗೇಟಿನವರು, ಜಾಹೀರಾತು ಸೇರಿ ಖರ್ಚು 25,000. ಶೋ ನಡೆಸುವ ಪ್ರಮೋಟರ್ ಬಂದು 'ನಿಮಗೆ 10,000 ಖಾತರಿ, ಉಳಿದದ್ದು ನನ್ನ ಹಣೆಬರಹ' ಅನ್ನುತ್ತಾನೆ. ಹಾಲ್ ತುಂಬಿದರೆ 50,000 ಬರುತ್ತದೆ, ಖರ್ಚು ಕಳೆದು, ನಿಮ್ಮದನ್ನೂ ಕೊಟ್ಟು ಅವನಿಗೆ 15,000 ಉಳಿಯುತ್ತದೆ. ಅವನು ಇಲ್ಲದೆ ನೀವೇ ಮಾಡಿದರೆ ಅಷ್ಟೂ ನಿಮಗೇ, ಅಂದರೆ 25,000. ಸಕತ್ತಾಗಿದೆ ಅಲ್ವಾ? ಈಗ ಮಳೆ ಬಂತು, ಅದೇ ದಿನ ಊರಲ್ಲಿ ಫುಟ್‌ಬಾಲ್ ಪಂದ್ಯ ಬಂತು, 300 ಟಿಕೆಟ್ ಮಾತ್ರ ಹೋಯಿತು ಅಂದುಕೊಳ್ಳಿ. 15,000 ಬಂತು, ಖರ್ಚು 25,000. ನಿಮ್ಮ ಜೇಬಿಂದ 10,000 ಹೋಯಿತು, ಬ್ಯಾಂಡಿನವರ ಸಂಬಳ, ಬಸ್ಸು, ಹೋಟೆಲ್ ಬೇರೆ. ಪ್ರಮೋಟರ್ ಇದ್ದಿದ್ದರೆ ನಿಮಗೆ 10,000 ಬಂದೇ ಬರುತ್ತಿತ್ತು.

ಹಾಗಾದರೆ ಈ ಆಟ ಆಡಬೇಕಾದವರು ಯಾರು? ಟಿಕೆಟ್ ಎಷ್ಟು ಹೋಗುತ್ತದೆ ಅಂತ ಮೊದಲೇ ಗೊತ್ತಿರುವವರು. ಗೊತ್ತಾಗುವುದು ಹೇಗೆ? ಪಟ್ಟಿಯಿಂದ. ಬೊನಮಾಸನ ತಂಡ ಹಾಡುಗಳನ್ನು ಪುಕ್ಕಟೆ ಕೊಟ್ಟು ಬದಲಿಗೆ ಇಮೇಲ್ ವಿಳಾಸ ತೆಗೆದುಕೊಳ್ಳುತ್ತಿತ್ತು. ಯಾವ ಊರಿನಲ್ಲಿ ಎಷ್ಟು ಜನ ಇದ್ದಾರೆ ಅಂತ ಗೊತ್ತಿದ್ದರೆ ಯಾವ ಅಳತೆಯ ಹಾಲ್ ಹಿಡಿಯಬೇಕು ಅನ್ನುವುದು ಜೂಜಲ್ಲ. 2009ರ ಮೇ 4ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದ, ಕ್ಲಾಪ್ಟನ್ ಬಂದು ಜೊತೆಗೆ ನಿಂತ, ಅದರ ವಿಡಿಯೋ ಎಲ್ಲೆಲ್ಲೂ ಓಡಿತು. ಜನ ಆ ರಾತ್ರಿಯ ಬಗ್ಗೆ ಮಾತಾಡುತ್ತಾರೆ. ಇಮೇಲ್ ಪಟ್ಟಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಬ್ಲೂಸ್ ಆಲ್ಬಮ್ ಶ್ರೇಯಾಂಕದಲ್ಲಿ ಆತನ 20ಕ್ಕೂ ಹೆಚ್ಚು ಆಲ್ಬಮ್ ಮೊದಲ ಸ್ಥಾನಕ್ಕೆ ಹೋಗಿವೆ. ಇಮೇಲ್ ಪಟ್ಟಿಯಲ್ಲಿರುವವರಿಗೆ ಆಲ್ಬಮ್ ಬಂದ ದಿನವೇ ಗೊತ್ತಾಗಿ ಅದೇ ವಾರ ಕೊಂಡರೆ ಇಂಥದ್ದು ಸಾಧ್ಯ. 2011ರಲ್ಲಿ ಶಾಲೆಗಳ ಸಂಗೀತಕ್ಕೆ ನೆರವಾಗುವ ಟ್ರಸ್ಟ್, ಅಭಿಮಾನಿಗಳನ್ನು ತುಂಬಿಕೊಂಡು ಹೋಗುವ ಹಡಗಿನ ಯಾತ್ರೆ, 2020ರಲ್ಲಿ ಬೇರೆಯವರ ಆಲ್ಬಮ್ ತರುವ ಲೇಬಲ್, ಎಲ್ಲ ಅದೇ ಬುಡದಿಂದ ಒಡೆದ ಕವಲುಗಳು. ಕೊರೊನಾ ಹೊತ್ತಿನಲ್ಲಿ ಪ್ರವಾಸ ನಿಂತ ಸಣ್ಣ ಕಲಾವಿದರಿಗೆ ಆ ಟ್ರಸ್ಟ್‌ನಿಂದ ದುಡ್ಡೂ ಹೋಯಿತು.

ಆತನ ಸಂಗೀತದ ಬಗ್ಗೆ ಬೈಯುವವರೂ ಬೇಕಾದಷ್ಟಿದ್ದಾರೆ. ಬ್ಲೂಸ್‌ಗೆ ಬೇಕಾದ ನೋವಿಲ್ಲ, ಬರೀ ಕಸರತ್ತು ಅಂತ. ನನಗೂ ಕೆಲವು ಆಲ್ಬಮ್ ಒಂದೇ ಥರ ಕೇಳಿಸುತ್ತವೆ. ಆದರೆ ವ್ಯಾಪಾರ ಕಲಿಯಬೇಕಾದರೆ ಇದಕ್ಕಿಂತ ಒಳ್ಳೆಯ ಪಾಠ ಈ ಸಂಗೀತದಲ್ಲಿ ಇಲ್ಲ. ಒಂದು ಎಚ್ಚರ: ಬೊನಮಾಸನನ್ನು ನಕಲು ಮಾಡುವವರು ವೈಸ್ಮನ್‌ನನ್ನು ಮರೆಯುತ್ತಾರೆ. ದಿನಕ್ಕೆ ಆರು ಗಂಟೆ ಸ್ಕೇಲ್ ಅಭ್ಯಾಸ ಮಾಡುವವನು ಹಾಲ್‌ನ ಇನ್ಶೂರೆನ್ಸ್ ಪತ್ರ ಓದುತ್ತಾ ಕೂರಲು ಆಗುವುದಿಲ್ಲ. 'ಎಲ್ಲ ಸ್ವಂತ' ಅಂದರೆ ಒಂಟಿ ಅಂತ ಅಲ್ಲ. ಲೆಕ್ಕ ನೋಡಲು ಹೆಂಡತಿ, ಗಂಡ, ತಮ್ಮ, ಗೆಳೆಯ, ಯಾರಾದರೂ ನಂಬಿಕಸ್ಥರು ಬೇಕು. ಐರ್ಲೆಂಡಿನ ಗಿಟಾರಿಸ್ಟ್ ರೋರಿ ಗ್ಯಾಲಹರ್‌ಗೆ ತಮ್ಮ ಡೋನಲ್ ಇದ್ದ. ಅಮೆರಿಕದ ಗಿಟಾರಿಸ್ಟ್ ವಾರನ್ ಹೇನ್ಸ್‌ನ ಸಂಗೀತ ತಂದ ಈವಿಲ್ ಟೀನ್ ಲೇಬಲ್ ನಡೆಸಿದ್ದು ಆತನ ಹೆಂಡತಿ.

ಲಾರ್ಕಿನ್ ಪೋ ಇದೇ ದಾರಿಯ ಅಗ್ಗದ ರೂಪ. ರೆಬೆಕಾ ಮತ್ತು ಮೇಗನ್ ಲವೆಲ್ ಮೊದಲು ಎಲ್ವಿಸ್ ಕಾಸ್ಟೆಲೋನಂಥವರ ಜೊತೆ ನುಡಿಸುತ್ತಿದ್ದರು. ಜೊತೆಗೇ ಹಳೆಯ ಹಾಡುಗಳನ್ನು ಇಬ್ಬರೇ ಕೂತು ನುಡಿಸಿದ ಸರಳ ವಿಡಿಯೋಗಳನ್ನು ಯೂಟ್ಯೂಬಿಗೆ ಹಾಕುತ್ತಾ ಹೋದರು. ಒಬ್ಬಳ ಕೈಯಲ್ಲಿ ಗಿಟಾರ್, ಇನ್ನೊಬ್ಬಳು ಲ್ಯಾಪ್ ಸ್ಟೀಲನ್ನು (ಸಾಮಾನ್ಯವಾಗಿ ತೊಡೆಯ ಮೇಲಿಟ್ಟು ನುಡಿಸುವ ಗಿಟಾರ್) ಪಟ್ಟಿ ಕಟ್ಟಿ ನೇತುಹಾಕಿಕೊಂಡು ನಿಂತೇ ನುಡಿಸುತ್ತಾಳೆ. ನೋಡಿದವರು ಮರೆಯುವುದಿಲ್ಲ. ತಮ್ಮ ಟ್ರಿಕಿ-ವೂ ಲೇಬಲ್‌ನಿಂದ ತಂದ 2018ರ ಆಲ್ಬಮ್ ಗ್ರ್ಯಾಮಿಗೆ ನಾಮನಿರ್ದೇಶನವಾಯಿತು, 2024ರಲ್ಲಿ ಇನ್ನೊಂದು ಆಲ್ಬಮ್‌ಗೆ ಗೆದ್ದರು. ಥಿಯೇಟರ್ ಬಾಡಿಗೆಗೆ ಹಿಡಿಯುವಷ್ಟು ದುಡ್ಡಿಲ್ಲದವರು ಇವರನ್ನು ನೋಡಿ ಕಲಿಯಬೇಕು.

ಬೇರೆಯವರ ಬ್ಯಾಂಡಿನಲ್ಲಿ

ಇದನ್ನು ಎರಡನೇ ದರ್ಜೆಯ ದಾರಿ ಅಂತ ನೋಡುವವರಿದ್ದಾರೆ. ತಪ್ಪು. ವಾರಕ್ಕೆ ಇಷ್ಟು ಅಂತ ಸಂಬಳ, ಹೋಟೆಲ್ ಅವರದು, ನಷ್ಟದ ಚಿಂತೆ ಇಲ್ಲ, ದೊಡ್ಡ ವೇದಿಕೆಯ ಅಭ್ಯಾಸ ಪುಕ್ಕಟೆ. ಗಿಟಾರಿಸ್ಟ್ ವಾಲ್ಟರ್ ಟ್ರೌಟ್ ಕ್ಯಾನ್ಡ್ ಹೀಟ್ ಬ್ಯಾಂಡಿನಲ್ಲೂ ಜಾನ್ ಮೇಯಲ್ ಜೊತೆಗೂ ವರ್ಷಗಟ್ಟಲೆ ನುಡಿಸಿ 1989ರಲ್ಲಿ ಸ್ವಂತಕ್ಕೆ ಹೊರಟವರು. ವಾರನ್ ಹೇನ್ಸ್ ಮೊದಲು ಡಿಕಿ ಬೆಟ್ಸ್ ಬ್ಯಾಂಡಿನಲ್ಲಿ, 1989ರಿಂದ ಆಲ್‌ಮನ್ ಬ್ರದರ್ಸ್‌ನಲ್ಲಿ. ಅಲ್ಲಿ ಇರುವಾಗಲೇ 1994ರಲ್ಲಿ ಗವರ್ನ್‌ಮೆಂಟ್ ಮ್ಯೂಲ್ ಕಟ್ಟಿದ. ಸಂಬಳದ ಕೆಲಸ ಬಿಡದೆ ಸೈಡಿನಲ್ಲಿ ಸ್ವಂತ ಬ್ಯಾಂಡ್ ಬೆಳೆಸಿ, ಈಗ ಅದೇ ಮುಖ್ಯ ಕೆಲಸ.

ಆದರೆ ಕೆಲಸ ಬಿಡಬೇಕಾದ ಗಳಿಗೆ ಗುರುತಿಸುವುದೂ ಗೊತ್ತಿರಬೇಕು. ಟೆಕ್ಸಸ್‌ನ ಗಿಟಾರಿಸ್ಟ್ ಸ್ಟೀವಿ ರೇ ವಾನ್ 1982ರಲ್ಲಿ ಸ್ವಿಟ್ಜರ್ಲೆಂಡಿನ ಮೋಂತ್ರೋ ಉತ್ಸವದಲ್ಲಿ ನುಡಿಸಿದಾಗ ಸಭೆಯಲ್ಲಿ ಕೆಲವರು ಕೂಗಿ ಗೇಲಿ ಮಾಡಿದರು. ಅದೇ ಊರಲ್ಲಿ ಆತನ ನುಡಿಸಾಟ ಕೇಳಿದ ಇಬ್ಬರು ದಾರಿ ತೆರೆದರು. ಹಾಡುಗಾರ ಜಾಕ್ಸನ್ ಬ್ರೌನ್ ತನ್ನ ಸ್ಟುಡಿಯೋವನ್ನು ಕೆಲವು ದಿನ ಪುಕ್ಕಟೆ ಬಿಟ್ಟುಕೊಟ್ಟ. ಇಂಗ್ಲೆಂಡಿನ ರಾಕ್ ತಾರೆ ಡೇವಿಡ್ ಬೋವಿ ತನ್ನ ಹೊಸ ಆಲ್ಬಮ್‌ಗೆ ನುಡಿಸಲು ಕರೆದ. 1983ರಲ್ಲಿ ಬೋವಿಯ ಆ ಆಲ್ಬಮ್ ಜಗತ್ತೆಲ್ಲ ಓಡಿತು, ವಿಶ್ವ ಪ್ರವಾಸಕ್ಕೂ ಕರೆ ಇತ್ತು. ಸಂಬಳದ ವಿಷಯ, ತನ್ನ ಬ್ಯಾಂಡಿಗೆ ಜಾಗ ಸಿಗುವ ವಿಷಯ ಸರಿಹೋಗದೆ ಹೊರಡುವ ಹೊತ್ತಿಗೆ ವಾನ್ ಹಿಂದೆ ಸರಿದ. ಹುಚ್ಚು ಅನಿಸುತ್ತದೆ. ಆದರೆ ಬ್ರೌನ್‌ನ ಸ್ಟುಡಿಯೋದಲ್ಲಿ ಎರಡು ಮೂರು ದಿನದಲ್ಲಿ ಮುಗಿಸಿದ್ದ ಸ್ವಂತ ಆಲ್ಬಮ್ ಆಗಲೇ ಕೈಯಲ್ಲಿತ್ತು. ಅದು ಅದೇ ವರ್ಷ ಎಪಿಕ್ ಕಂಪನಿಯಿಂದ ಬಂತು. ಕೈಯಲ್ಲಿ ಸಿದ್ಧ ಆಲ್ಬಮ್ ಇಲ್ಲದೆ ಆತನ ಥರ ಕೆಲಸ ಬಿಡಬೇಡಿ ಅನ್ನುವುದಷ್ಟೇ ನನ್ನ ಸಲಹೆ.

ಈ ದಾರಿಯಲ್ಲಿ ಮಾಸ್ಟರೂ ನಿಮ್ಮದಲ್ಲ, ಪಟ್ಟಿಯೂ ನಿಮ್ಮದಲ್ಲ. ಜನ ನಿಮ್ಮ ಸೋಲೋಗೆ ಚಪ್ಪಾಳೆ ಹೊಡೆದು ಯಜಮಾನನ ಟೀ ಶರ್ಟ್ ಕೊಂಡು ಹೋಗುತ್ತಾರೆ.

ಪಾಠ ಹೇಳಿಕೊಡುವುದನ್ನು ನಾನು ಬೇರೆ ದಾರಿ ಅಂತ ಲೆಕ್ಕ ಹಾಕುವುದಿಲ್ಲ, ಅದು ಎಲ್ಲ ದಾರಿಯ ಪಕ್ಕದಲ್ಲೂ ಇರುವ ಆದಾಯ. ಕರ್ಕ್ ಫ್ಲೆಚರ್, ಜಾಶ್ ಸ್ಮಿತ್ ಥರದ ದೊಡ್ಡ ಕೈಗಳೂ ಆನ್‌ಲೈನ್‌ನಲ್ಲಿ ಹೇಳಿಕೊಡುತ್ತಾರೆ. ಪ್ರವಾಸ ಇಲ್ಲದ ತಿಂಗಳುಗಳಲ್ಲಿ ಬಾಡಿಗೆ ಕಟ್ಟುವುದು ಅದೇ.

ಯಾವ ದಾರಿಯಾದರೂ ಬಿಡದ ಎರಡು ವಿಷಯ

ಒಂದು, ಹಳೆಯ ಹಾಡುಗಳು. ಬ್ಲೂಸ್ 'ಎಲ್ಲರ ಆಸ್ತಿ' ಅಂತ ಮಾತಾಡುತ್ತಾರೆ, ಆದರೆ ಆ ಹಾಡುಗಳಲ್ಲಿ ಎಷ್ಟೋ ಹಾಡುಗಳಿಗೆ ಮಾಲೀಕರಿದ್ದಾರೆ. ಲೆಡ್ ಜೆಪೆಲಿನ್ ಅನ್ನುವ ರಾಕ್ ಬ್ಯಾಂಡಿನ 'ಹೋಲ್ ಲಾಟಾ ಲವ್' ಹಾಡು ತಮ್ಮದರಿಂದ ಎತ್ತಿದ್ದು ಅಂತ ಬ್ಲೂಸ್ ಹಾಡುಗಳ ಬರಹಗಾರ ವಿಲ್ಲಿ ಡಿಕ್ಸನ್ 1985ರಲ್ಲಿ ಕೇಸ್ ಹಾಕಿದರು, 1987ರಲ್ಲಿ ರಾಜಿಯಾಗಿ ಆ ಹಾಡಿನ ಬರವಣಿಗೆಯಲ್ಲಿ ಅವರ ಹೆಸರು ಸೇರಿತು. ಆಲ್ಬಮ್‌ನ ಹತ್ತರಲ್ಲಿ ಎಂಟು ಹಾಡು ಬೇರೆಯವರದಾದರೆ ಆ ಎಂಟರ ಬರಹಗಾರರ ರಾಯಲ್ಟಿ ಅವರಿಗೋ ಅವರ ವಾರಸುದಾರರಿಗೋ ಹೋಗುತ್ತದೆ, ನಿಮಗಲ್ಲ. ಶೋನಲ್ಲಿ ಬೇಕಾದಷ್ಟು ಹಳೆಯದು ನುಡಿಸಿ, ಆಲ್ಬಮ್‌ಗೆ ಸ್ವಂತದ್ದು ಬರೆಯಿರಿ.

ಎರಡು, ಆರೋಗ್ಯ. ಅಮೆರಿಕದಲ್ಲಿ ಸ್ವತಂತ್ರ ಸಂಗೀತಗಾರನಿಗೆ ಕಂಪನಿಯ ಇನ್ಶೂರೆನ್ಸ್ ಇಲ್ಲ. 2014ರಲ್ಲಿ ವಾಲ್ಟರ್ ಟ್ರೌಟ್‌ಗೆ ಲಿವರ್ ಕಸಿ ಆಗಬೇಕಾಯಿತು. ಅಭಿಮಾನಿಗಳು ಆನ್‌ಲೈನ್‌ನಲ್ಲಿ 2 ಲಕ್ಷ ಡಾಲರ್‌ಗೂ ಹೆಚ್ಚು ಕೂಡಿಸಿ ಕೊಟ್ಟರು. ಅವರು ಮತ್ತೆ ವೇದಿಕೆಗೆ ಬಂದರು. ಮೂವತ್ತು ವರ್ಷ ಊರೂರು ಸುತ್ತಿ ಒಬ್ಬೊಬ್ಬರ ಕೈ ಕುಲುಕಿದ್ದಕ್ಕೆ ಬಂದ ದುಡ್ಡು ಅದು. ಮೆಂಫಿಸ್‌ನ ಬ್ಲೂಸ್ ಫೌಂಡೇಶನ್‌ನಲ್ಲೂ ಕಾಯಿಲೆ ಬಿದ್ದ ಸಂಗೀತಗಾರರಿಗೆ ಒಂದು ನಿಧಿ ಇದೆ.

ಹಾಗಾದರೆ ಯಾರಿಗೆ ಯಾವುದು

ಹಾಡು ಬರೆಯಲು ಇನ್ನೂ ಕೈ ಕೂಡಿಲ್ಲ, ನುಡಿಸುವುದು ಮಾತ್ರ ಚೆನ್ನಾಗಿದೆ ಅಂದರೆ ಬೇರೆಯವರ ಬ್ಯಾಂಡ್ ಸೇರಿ. ಮೂರು ನಾಲ್ಕು ವರ್ಷ ನುಡಿಸಿ, ಊರುಗಳನ್ನೂ ಪ್ರಮೋಟರ್‌ಗಳನ್ನೂ ಪರಿಚಯ ಮಾಡಿಕೊಳ್ಳಿ. ಹಾಡುಗಳಿವೆ, ಆದರೆ ನಿಮ್ಮೂರಿನ ಆಚೆ ಯಾರಿಗೂ ಹೆಸರು ಗೊತ್ತಿಲ್ಲ ಅಂದರೆ ಬ್ಲೂಸ್ ಲೇಬಲ್. ಒಂದೆರಡು ಆಲ್ಬಮ್‌ಗೆ ಮಾತ್ರ ಸಹಿ, ಮಾಸ್ಟರ್ ಇಷ್ಟು ವರ್ಷಕ್ಕೆ ವಾಪಸ್ ಅಂತ ಬರೆಸಿಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಜನ ಇದ್ದಾರೆ, ಲೆಕ್ಕ ನೋಡಲು ಒಬ್ಬರು ಇದ್ದಾರೆ ಅಂದರೆ ಸ್ವಂತ. ಮೊದಲು 150 ಸೀಟಿನ ಜಾಗದಲ್ಲಿ ಮಾಡಿ ನೋಡಿ, ನೇರವಾಗಿ 1,000ಕ್ಕೆ ಹಾರಬೇಡಿ. ದೊಡ್ಡ ಕಂಪನಿ ತಾನಾಗಿ ಬಂದರೆ ಒಳ್ಳೆಯ ವಕೀಲರನ್ನು ಹಿಡಿಯಿರಿ, ಬರದಿದ್ದರೆ ಹುಡುಕಿಕೊಂಡು ಹೋಗಬೇಡಿ.

ನಮ್ಮ ಕಡೆ

ಭಾರತದಲ್ಲಿ ಇಂಥ ಲೇಬಲ್ ಜಾಲವೂ ಇಲ್ಲ, ವರ್ಷವಿಡೀ ಸುತ್ತಲು ಕ್ಲಬ್ ಸಾಲೂ ಇಲ್ಲ. ಮುಂಬೈನ ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ 2011ರಿಂದ ಮಹೀಂದ್ರಾ ಬ್ಲೂಸ್ ಉತ್ಸವ ನಡೆಯುತ್ತಾ ಬಂದಿದೆ, ಬಡ್ಡಿ ಗೈ ಅಂಥವರು ಬಂದು ನುಡಿಸಿದ್ದಾರೆ, ದೇಶದ ಬ್ಯಾಂಡ್‌ಗಳಿಗೆ ಸ್ಪರ್ಧೆಯನ್ನೂ ಇಟ್ಟಿದ್ದಾರೆ. ಶಿಲ್ಲಾಂಗ್‌ನ ಸೋಲ್‌ಮೇಟ್ ಮೆಂಫಿಸ್‌ನ ಅಂತಾರಾಷ್ಟ್ರೀಯ ಬ್ಲೂಸ್ ಸ್ಪರ್ಧೆಗೂ ಹೋಗಿ ಬಂದ ಬ್ಯಾಂಡ್. ಮುಂಬೈನ ವಾರನ್ ಮೆಂಡೋನ್ಸಾ ಬ್ಲ್ಯಾಕ್‌ಸ್ಟ್ರ್ಯಾಟ್‌ಬ್ಲೂಸ್ ಹೆಸರಿನಲ್ಲಿ ಸ್ವಂತ ಆಲ್ಬಮ್ ಮಾಡುತ್ತಾರೆ, ಜೊತೆಗೆ ಶಂಕರ್-ಎಹ್ಸಾನ್-ಲಾಯ್ ಅವರ ಸಿನಿಮಾ ಹಾಡುಗಳಿಗೂ ಗಿಟಾರ್ ನುಡಿಸಿದ್ದಾರೆ. ಇಲ್ಲಿ ಬದುಕುವ ರೀತಿ ಅದೇ: ಸ್ಟುಡಿಯೋ ಕೆಲಸ, ಪಾಠ, ಕಾರ್ಪೊರೇಟ್ ಪಾರ್ಟಿ, ಮದುವೆ ರಿಸೆಪ್ಷನ್, ಆಮೇಲೆ ಬ್ಲೂಸ್.

ಬೆಂಗಳೂರಿನಲ್ಲಿ ಕೇಳುಗರು ಇದ್ದಾರೆ, ಪಬ್ಬುಗಳೂ ಇವೆ. ಆದರೆ ಜಾಗವನ್ನು ನಂಬಿ ಕೂರುವಂತಿಲ್ಲ. 2018ರಲ್ಲಿ ಪರವಾನಗಿಯ ಗಲಾಟೆಯಲ್ಲಿ ಎಷ್ಟೋ ಪಬ್ಬುಗಳಲ್ಲಿ ಲೈವ್ ಸಂಗೀತ ನಿಂತೇಹೋಗಿತ್ತು. 2019ರಲ್ಲಿ ಇಂದಿರಾನಗರದ ಹಮ್ಮಿಂಗ್ ಟ್ರೀ ಬಾಗಿಲು ಹಾಕಿತು. ಪಬ್ ಮುಚ್ಚಿದರೆ ಅದರ ಇನ್‌ಸ್ಟಾಗ್ರಾಂ ಪೇಜಿನ ಫಾಲೋವರ್‌ಗಳು ನಿಮಗೆ ಸಿಗುವುದಿಲ್ಲ. ಹಾಗಾಗಿ ಮುಂದಿನ ಶೋನಿಂದಲೇ ಬಾಗಿಲ ಹತ್ತಿರ ಒಂದು ಕ್ಯೂಆರ್ ಕೋಡ್ ಅಂಟಿಸಿ, ಸ್ಕ್ಯಾನ್ ಮಾಡಿ ಹೆಸರು-ನಂಬರ್ ಕೊಟ್ಟವರಿಗೆ ಅವತ್ತು ರಾತ್ರಿ ನುಡಿಸಿದ ಒಂದು ಹಾಡಿನ ರೆಕಾರ್ಡಿಂಗ್ ಮಾರನೇ ದಿನ ವಾಟ್ಸಾಪ್‌ಗೆ ಕಳಿಸಿ. ಇದಕ್ಕೆ ಪಬ್ಬಿನವರು ಬೇಡ ಅಂದರೆ ಮೊದಲೇ ಕೇಳಿ ಒಪ್ಪಿಸಿಕೊಳ್ಳಿ, ಬೇಕಾದರೆ ಸಂಭಾವನೆಯಲ್ಲಿ ಐನೂರು ರೂಪಾಯಿ ಬಿಟ್ಟುಕೊಡಿ.